ಗಂಗಾವಳಿ ದಂಡೆಯ ಬಣ್ಣದ ಮಾಸ್ತರರ ಹೆಸರಿನ ಕೆಳಗೆ ಏನೆಂದು ಬರೆಯಬೇಕು?

ಮೂಲ ಬರಹ (ಅಂಕೋಲಾ ತಾಲೂಕು, ನಿವೃತ್ತ ಶಿಕ್ಷಕ)

ಮಾನ್ಯರೇ,

ನಮ್ಮ ಊರಿನ ಬಣ್ಣದ ಮಾಸ್ತರರು ತೀರಿಕೊಂಡು ಬರುವ ಶ್ರಾವಣಕ್ಕೆ ಮೂರು ವರ್ಷ ತುಂಬುತ್ತದೆ. ಸದ್ಯಕ್ಕೆ ಅವರ ಹೆಸರನ್ನು ಬಹಿರಂಗವಾಗಿ ಬರೆಯುವುದು ಬೇಡವೆಂದು ಮನೆಯವರು ಹೇಳಿರುವುದರಿಂದ, ಊರು ಕರೆಯುತ್ತಿದ್ದ ಹೆಸರಿನಲ್ಲಿಯೇ ನಾನೂ ಅವರನ್ನು ಕರೆಯುತ್ತೇನೆ. ಗಂಗಾವಳಿ ನದಿ ಕಡಲು ಸೇರುವ ಆಸುಪಾಸಿನ ಹಳ್ಳಿಗಳಲ್ಲಿ ಐವತ್ತು ದಾಟಿದವರಿಗೆ ಇಷ್ಟೇ ಸಾಕು. ಅವರು ಯಾವ ಶಾಲೆಯಲ್ಲಿಯೂ ಕಲಿಸಿದವರಲ್ಲ. ನಾಟಕದ ದಿನ ಬಣ್ಣ ಹಚ್ಚಲು ಮನೆಮನೆಯಿಂದ ಬಂದ ಹುಡುಗರನ್ನು ಸಾಲಾಗಿ ಕೂರಿಸಿ, ತುಟಿ ಬಿಗಿ ಹಿಡಿಯಿರಿ ಎಂದು ಗದರುತ್ತಿದ್ದ ಧಾಟಿಯಿಂದ ಆ ಹೆಸರು ಬಂತೆಂದು ನನ್ನ ತಂದೆ ಹೇಳುತ್ತಿದ್ದರು.

ಊರಿನ ಯುವಕರು ಅವರ ನೆನಪಿಗೆ ಒಂದು ಕಿರುಪುಸ್ತಿಕೆ ತರಲು ಹೊರಟಿದ್ದಾರೆ. ಮೊದಲ ಪುಟದಲ್ಲಿ ಭಾವಚಿತ್ರ, ಅದರ ಕೆಳಗೆ ಹೆಸರು, ಅದರ ಕೆಳಗೆ ಒಂದು ಸಾಲು ಇರಬೇಕೆಂಬುದು ಅವರ ಯೋಜನೆ. ಆ ಒಂದು ಸಾಲು ನಮ್ಮನ್ನು ಮೂರು ಸಭೆಗಳಿಂದ ತಡೆದು ನಿಲ್ಲಿಸಿದೆ. ಒಬ್ಬರು ಯಕ್ಷಗಾನ ಕಲಾವಿದರೆಂದು ಬರೆಯಬೇಕೆನ್ನುತ್ತಾರೆ, ಇನ್ನೊಬ್ಬರು ಮೂರ್ತಿಕಾರರೆನ್ನುತ್ತಾರೆ, ಮತ್ತೊಬ್ಬರಿಗೆ ಅವರು ಚಿತ್ರ ಕಲಾವಿದರು. ಬಹುಮುಖ ಪ್ರತಿಭೆ ಎಂದು ಬರೆದು ಮುಗಿಸೋಣವೆಂದು ಒಬ್ಬ ಹುಡುಗ ಹೇಳಿದಾಗ ನನಗೆ ಒಪ್ಪಿಗೆಯಾಗಲಿಲ್ಲ. ಆ ಮಾತನ್ನು ಇಂದು ಎಲ್ಲರ ಸನ್ಮಾನ ಪತ್ರದಲ್ಲಿಯೂ ಬರೆಯುತ್ತಾರೆ, ಅದರಿಂದ ಓದಿದವರಿಗೆ ಏನೂ ತಿಳಿಯುವುದಿಲ್ಲ.

ಅವರ ಒಂದು ವರ್ಷ ಹೇಗಿರುತ್ತಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ಮಿರ್ಗದ (ಮೃಗಶಿರಾ) ಮಳೆ ಹಿಡಿದ ಮೇಲೆ, ಬೇಸಿಗೆಯಲ್ಲಿಯೇ ಗದ್ದೆಯಂಚಿನ ಕೆರೆಯಿಂದ ತೆಗೆದು ಒಣಗಿಸಿಟ್ಟಿದ್ದ ಮಣ್ಣನ್ನು ನೆನೆಹಾಕಿ, ಕಲ್ಲು ಬೇರು ಆರಿಸಿ, ತುಳಿದು ಹದ ಮಾಡಿ, ಚೌತಿಯ ಗಣಪತಿಗಳನ್ನು ಮಾಡಲು ಆರಂಭಿಸುತ್ತಿದ್ದರು. ಮನೆಯ ಜಗಲಿಯಲ್ಲಿ ನಲವತ್ತು ಐವತ್ತು ಗಣಪತಿಗಳು ಒಟ್ಟಿಗೆ ಒಣಗುತ್ತಿದ್ದವು. ಹೊರಗೆ ಜಡಿಮಳೆ ಇರುವಾಗ ಮಣ್ಣು ಒಣಗಿಸುವುದು ಎಷ್ಟು ಕಷ್ಟವೆಂಬುದು ಘಟ್ಟದ ಕೆಳಗಿನವರಿಗೆ ಗೊತ್ತು. ಒಲೆಯ ಹೊಗೆ ಜಗಲಿಗೆ ಬರುವಂತೆ ತಟ್ಟಿಯನ್ನು ಸರಿಸಿಡುತ್ತಿದ್ದರು. ಅದೇ ಹೊತ್ತಿನಲ್ಲಿ ದೋಣಿಗಳು ದಡದ ಮೇಲೆ ಮಡಲಿನ ಮರೆಯಲ್ಲಿ ಮಲಗಿರುತ್ತಿದ್ದವು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವ ಮೊದಲು ಅವುಗಳಿಗೆ ಹೊಸ ಬಣ್ಣ, ಹೊಸ ಹೆಸರು ಬೇಕು. ಮಳೆ ಬಿಟ್ಟ ಗಳಿಗೆಯಲ್ಲಿ ಅಲ್ಲಿಗೆ ಓಡುತ್ತಿದ್ದರು. ದೀಪಾವಳಿ ಕಳೆದ ಮೇಲೆ ಬಯಲಾಟ ಮತ್ತು ನಾಟಕಗಳ ಕಾಲ. ಆಗ ಪರದೆ ಬರೆಯುವುದು, ಕಿರೀಟ ಭುಜಕೀರ್ತಿಗಳ ಬೇಗಡೆ ಕಿತ್ತುಹೋದಲ್ಲಿ ಹೊಸದಾಗಿ ಅಂಟಿಸುವುದು, ಕನ್ನಡಿ ಚೂರು ಕೂರಿಸುವುದು, ರಾತ್ರಿ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಮುಂಡಾಸು ಕಟ್ಟುವುದು ನಡೆಯುತ್ತಿತ್ತು. ವೇಷಧಾರಿ ಬಾರದೆ ಇದ್ದರೆ ತಾವೇ ಗೆಜ್ಜೆ ಕಟ್ಟುತ್ತಿದ್ದರು. ಹರೆಯದಲ್ಲಿ ಸ್ತ್ರೀವೇಷ ಮಾಡಿದವರು, ದೇಹ ದಪ್ಪವಾದ ಮೇಲೆ ರಾಕ್ಷಸ ಪಾತ್ರಗಳಿಗೆ ಸರಿದರು. ಮದ್ದಳೆಯನ್ನೂ ನುಡಿಸುತ್ತಿದ್ದರು, ಆದರೆ ಅದರಲ್ಲಿ ತಾವು ಸಾಧಾರಣವೆಂದು ಅವರೇ ಹೇಳುತ್ತಿದ್ದರು, ಅದು ನಿಜವೂ ಹೌದು. ಚೈತ್ರ ವೈಶಾಖದಲ್ಲಿ ಮದುವೆ ಮಂಟಪ, ಬಂಡಿಹಬ್ಬ, ಅಂಗಡಿಯ ಫಲಕಗಳು. ಹೀಗೆ ಮತ್ತೆ ಮಳೆ.

ಈ ಕೆಲಸಗಳನ್ನು ಅವರು ಹಲವು ಕಲೆಗಳೆಂದು ಎಣಿಸಿರಲಿಲ್ಲವೆಂದು ನನ್ನ ನಂಬಿಕೆ. ಮಳೆ, ಮೀನು, ಬೆಳೆ, ಹಬ್ಬ ಎಂಬ ಕ್ರಮದಲ್ಲಿ ಊರು ಏನು ಕೇಳಿತೋ ಅದನ್ನು ಅವರು ಮಾಡಿದರು. ಪುಸ್ತಿಕೆಯಲ್ಲಿ ಇದು ಕಾಣಬೇಕೆಂಬುದು ನನ್ನ ಹಟ.

ಇದಕ್ಕೆ ವೈಯಕ್ತಿಕ ಕಾರಣವೂ ಇದೆ. ಅವರಿಗೆ ಎಪ್ಪತ್ತಾದಾಗ ಕಲಾವಿದರ ಮಾಸಾಶನಕ್ಕೆ ಅರ್ಜಿ ತುಂಬಿಕೊಟ್ಟವನು ನಾನು. ಅದರಲ್ಲಿ ಕಲಾಪ್ರಕಾರ ಎಂಬಲ್ಲಿ ಒಂದೇ ಗೆರೆಯ ಜಾಗವಿತ್ತು. ನಾನು ಯಕ್ಷಗಾನವೆಂದು ಬರೆದೆ. ಯಾವ ಮೇಳದಲ್ಲಿ ಎಷ್ಟು ವರ್ಷದ ತಿರುಗಾಟವೆಂದು ಕೇಳಿ ಅರ್ಜಿ ಹಿಂದಿರುಗಿತು. ಅವರು ಯಾವ ಮೇಳದೊಂದಿಗೂ ಪೂರ್ತಿ ತಿರುಗಾಟ ಮಾಡಿದವರಲ್ಲ. ಮರುವರ್ಷ ಶಿಲ್ಪವೆಂದು ಬರೆದೆವು. ಮಾಡಿದ ಮೂರ್ತಿಗಳ ಛಾಯಾಚಿತ್ರ ಲಗತ್ತಿಸಬೇಕೆಂದರು. ಮಾಡಿದ ಮೂರ್ತಿಗಳೆಲ್ಲ ಆಯಾ ವರ್ಷವೇ ನೀರಿನಲ್ಲಿ ಕರಗಿದ್ದವು. ಮೂರನೆಯ ಬಾರಿ ಅವರು ಅರ್ಜಿಗೆ ಸಹಿ ಹಾಕಲು ಒಪ್ಪಲಿಲ್ಲ. "ಸಾಕು ಬಿಡಿ ಮಾಸ್ತರೇ, ಹೊಳೆ ದಾಟಿ ಹೋಗುವ ಖರ್ಚೇ ಆಗ್ತದೆ" ಎಂದರು. ಆ ಗೆರೆಯ ಮೇಲೆ ನಾನು ಬರೆದ ಒಂದು ಪದವೇ ಅವರನ್ನು ಚಿಕ್ಕದು ಮಾಡಿತೆಂಬ ಕೊರಗು ನನ್ನಲ್ಲಿ ಉಳಿದಿದೆ. ಪುಸ್ತಿಕೆಯಲ್ಲಿ ಅದೇ ತಪ್ಪು ಮರುಕಳಿಸಬಾರದು. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.


ಪ್ರತಿಕ್ರಿಯೆ 1 (ಕುಮಟಾ)

ಗುರುಗಳೇ, ತಮ್ಮ ಬರಹವನ್ನು ಎರಡು ಸಲ ಓದಿದೆ. ನಮ್ಮ ಮನೆಗೂ ಹತ್ತು ವರ್ಷ ಅವರ ಕೈಯ ಗಣಪತಿಯೇ ಬರುತ್ತಿತ್ತು. ಆದರೂ ಒಂದು ಭಿನ್ನಾಭಿಪ್ರಾಯವನ್ನು ಗೌರವದಿಂದಲೇ ಮುಂದಿಡುತ್ತೇನೆ.

ಕಲೆಯಲ್ಲಿ ಎತ್ತರಕ್ಕೆ ಹೋದವರು ಬಹುತೇಕ ಒಂದನ್ನೇ ಹಿಡಿದವರು. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನೇ ನೋಡಿ. ಶಾಲೆಯ ಓದು ಅವರಿಗೆ ಹೆಚ್ಚು ದಕ್ಕಲಿಲ್ಲ, ಆದರೆ ಭಸ್ಮಾಸುರ, ಕೀಚಕ, ದುಷ್ಟಬುದ್ಧಿಯಂತಹ ಪಾತ್ರಗಳನ್ನು ದಶಕಗಳ ಕಾಲ ಮತ್ತೆ ಮತ್ತೆ ಮಾಡಿ ತಮ್ಮದೇ ಆದ ಒಂದು ಕುಣಿತವನ್ನು ಕಟ್ಟಿದರು. 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ಅವರು ತೀರಿಕೊಂಡಾಗ ಜಿಲ್ಲೆಗೆ ಜಿಲ್ಲೆಯೇ ಮರುಗಿತು. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡಿಗಾಗಿ. ಬಣ್ಣದ ಮಾಸ್ತರರು ಒಂದು ಕೆಲಸದಲ್ಲಿ ನಿಂತಿದ್ದರೆ ಅವರೂ ಹಾಗೆ ಬೆಳೆಯುತ್ತಿದ್ದರೋ ಏನೋ. ಹೊಟ್ಟೆಪಾಡು ಅವರನ್ನು ಹತ್ತು ಕಡೆಗೆ ಎಳೆದಿರಬಹುದು. ಅದನ್ನು ನಾವು ಗುಣವೆಂದು ಕೊಂಡಾಡುವಾಗ ಅವರ ಬಡತನವನ್ನು ಮರೆಮಾಚುತ್ತಿಲ್ಲವೇ ಎಂಬುದು ನನ್ನ ಪ್ರಶ್ನೆ.


ಪ್ರತಿಕ್ರಿಯೆ 2 (ಹೊನ್ನಾವರ, ಶಾಲಾ ಶಿಕ್ಷಕಿ)

ಕುಮಟೆಯ ಸಹೋದರರು ಎತ್ತಿದ ಪ್ರಶ್ನೆ ಅಗತ್ಯವಾದದ್ದು. ಬಡತನದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದನ್ನೇ ಹಿಡಿದವರು ಮಾತ್ರ ಎತ್ತರಕ್ಕೆ ಹೋಗುತ್ತಾರೆ ಎಂಬ ಮಾತು ನಮ್ಮ ತಾಲೂಕಿನಲ್ಲಿಯೇ ನಿಲ್ಲುವುದಿಲ್ಲ.

ಗುಣವಂತೆಯ ಕೆರೆಮನೆಯನ್ನು ತೆಗೆದುಕೊಳ್ಳೋಣ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರು ನಟರು, ಜೊತೆಗೆ ಮೇಳದ ಯಜಮಾನರು, ಕಲಿಸುವವರು. ಅವರ ಮಗ ಶಂಭು ಹೆಗಡೆಯವರು ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದು, ವೇಷ, ಕುಣಿತ, ಅರ್ಥಗಾರಿಕೆ, ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕೆಂಬ ಎಣಿಕೆ, ಇವೆಲ್ಲವನ್ನೂ ಒಟ್ಟಿಗೆ ನೋಡುವ ಕಣ್ಣನ್ನು ಬೆಳೆಸಿಕೊಂಡರು, 1986ರಲ್ಲಿ ಗುಣವಂತೆಯಲ್ಲಿಯೇ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ತೆರೆದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ಪಾತ್ರ ಮಾಡಿದ ರಾತ್ರಿಯೇ ಅವರು ಕಣ್ಮುಚ್ಚಿದರು. ಅವರ ಹಲವು ಪರಿಣತಿಗಳು ಒಂದನ್ನೊಂದು ತಿನ್ನಲಿಲ್ಲ, ಒಂದಕ್ಕೊಂದು ಊರುಗೋಲಾದವು.

ಇಷ್ಟು ಹೇಳಿದ ಮೇಲೆ ನನ್ನ ವಾದದ ದುರ್ಬಲ ಜಾಗವನ್ನೂ ನಾನೇ ತೋರಿಸಬೇಕು. ಶಂಭು ಹೆಗಡೆಯವರ ವಿಸ್ತಾರವೆಲ್ಲ ಒಂದೇ ಕಲೆಯ ಒಳಗಿನದು. ಮಣ್ಣಿನ ಮೂರ್ತಿ, ದೋಣಿಯ ಬಣ್ಣ, ನಾಟಕದ ಪರದೆ, ಮದುವೆ ಮಂಟಪ ಇವು ಹೊರನೋಟಕ್ಕೆ ಬೇರೆ ಬೇರೆ. ಅವನ್ನು ಕೂಡಿಸುವ ಎಳೆ ಯಾವುದು? ಚೌಕಿಯಲ್ಲಿ ಕುಳಿತು ನೋಡಿದವರಿಗೆ ಅದು ಹೊಳೆಯುತ್ತದೆ ಎಂದುಕೊಂಡಿದ್ದೇನೆ. ಬಡಗುತಿಟ್ಟು ಯಕ್ಷಗಾನದ ಕೇದಗೆ ಮುಂದಲೆ ಎಂಬ ತಲೆಯುಡುಗೆಯನ್ನಾಗಲಿ ಮುಂಡಾಸನ್ನಾಗಲಿ ಸಿದ್ಧವಸ್ತುವಿನಂತೆ ಪೆಟ್ಟಿಗೆಯಿಂದ ತೆಗೆದು ತಲೆಗಿಡಲು ಬರುವುದಿಲ್ಲ. ಆಯಾ ರಾತ್ರಿ, ಆಯಾ ವೇಷಧಾರಿಯ ತಲೆಯ ಅಳತೆಗೆ ಬಟ್ಟೆ ಸುತ್ತಿ, ಜರಿಪಟ್ಟಿ ಬಿಗಿದು ಕಟ್ಟಬೇಕು. ಬೆಳಗಿನ ಜಾವಕ್ಕೆ ಅದನ್ನು ಬಿಚ್ಚಿಬಿಡುತ್ತಾರೆ. ಗಣಪತಿ ನೀರಿಗೆ ಹೋಗುವುದೂ, ಮಂಟಪವನ್ನು ಮದುವೆಯ ಸಂಜೆ ಕೀಳುವುದೂ ಅದೇ ಜಾತಿಯ ಕೆಲಸ. ಉಳಿಯಬಾರದ ವಸ್ತುವನ್ನು ಉಳಿಯುವಷ್ಟೇ ಶ್ರದ್ಧೆಯಿಂದ ಮಾಡುವ ಅಭ್ಯಾಸ ಅವರಿಗೆ ಎಲ್ಲ ಕೆಲಸಗಳಲ್ಲಿಯೂ ಒಂದೇ ಆಗಿದ್ದಿರಬೇಕು. ಹಾಗಿದ್ದರೆ ಛಾಯಾಚಿತ್ರದ ಸಾಕ್ಷಿ ಕೇಳುವ ಅರ್ಜಿಗೆ ಅವರು ಸಿಕ್ಕದೆ ಹೋದದ್ದು ಸಹಜವೇ.

ಇನ್ನೊಂದು ಮಾತು. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು ವಿಜ್ಞಾನಿ, ಲೇಖಕ, ಛಾಯಾಗ್ರಾಹಕ, ರೇಖಾಚಿತ್ರಗಾರ ಎಲ್ಲವೂ ಆಗಿದ್ದರು. ಅವರನ್ನು ಯಾರೂ ಒಂದು ಪದಕ್ಕೆ ಇಳಿಸಲಿಲ್ಲ. ಓದು ಬಲ್ಲವರ ವಿಸ್ತಾರಕ್ಕೆ ಸಿಗುವ ಮರ್ಯಾದೆ ಕೈಕೆಲಸದವರ ವಿಸ್ತಾರಕ್ಕೆ ಸಿಗುವುದಿಲ್ಲವೆಂಬುದು ನನಗೆ ನೋವಿನ ಸಂಗತಿ.


ಪ್ರತಿಕ್ರಿಯೆ 3 (ಶಿರಸಿ)

ನಾನು ಗುಡಿಗಾರರ ಮನೆಯವನು. ಯಾವ ಕಲೆ ಎಂಬ ಪ್ರಶ್ನೆ ನಮ್ಮ ಅಜ್ಜಂದಿರ ಕಾಲದಲ್ಲಿ ಯಾರಿಗೂ ಬಂದಿರಲಾರದು. ಶ್ರೀಗಂಧದ ಕೆತ್ತನೆ, ರಥದ ಮರಗೆಲಸ, ಚೌತಿಗೆ ಮಣ್ಣಿನ ಗಣಪತಿ, ಮದುವೆಗೆ ಬೆಂಡಿನ ಬಾಸಿಂಗ, ಇವೆಲ್ಲವೂ ಒಂದೇ ಮನೆಯಲ್ಲಿ ನಡೆಯುತ್ತಿದ್ದ ಕೆಲಸಗಳು. ಉಳಿ ಹಿಡಿದ ಕೈಯೇ ಬೆಂಡನ್ನು ಕಾಗದಕ್ಕಿಂತ ತೆಳ್ಳಗೆ ಸೀಳಬೇಕಿತ್ತು. ಗಂಧದ ಮರ ಸಿಗುವುದು ಕಷ್ಟವಾದ ಮೇಲೆ, ಸರ್ಕಾರಿ ತರಬೇತಿ ಮತ್ತು ಪ್ರದರ್ಶನಗಳು ಬಂದ ಮೇಲೆ, ಕೆತ್ತನೆಯೊಂದೇ ಕಲೆ, ಉಳಿದದ್ದು ಹಬ್ಬದ ಕೂಲಿ ಎಂಬ ಎಣಿಕೆ ನಮ್ಮವರಲ್ಲಿಯೇ ಬೆಳೆಯಿತು. ಬಾಸಿಂಗ ಮಾಡುತ್ತಿದ್ದವರು ಬಹುಪಾಲು ಹೆಂಗಸರು. ಅವರ ಹೆಸರು ಯಾವ ಪಟ್ಟಿಯಲ್ಲಿಯೂ ಬರಲಿಲ್ಲ.

ಮೂಲ ಬರಹದಲ್ಲಿ ಇಲ್ಲದ ಒಂದು ವಿಷಯವನ್ನು ಕೇಳಬೇಕಿತ್ತು. ಅವರಿಗೆ ಕಾವಿ ಕೆಲಸ ಬರುತ್ತಿತ್ತೇ? ನಮ್ಮ ಮಾರಿಕಾಂಬಾ ದೇವಸ್ಥಾನದ ಗೋಡೆಯ ಮೇಲೆ ಕಾವಿ ಚಿತ್ರಗಳಿವೆ, ಕರಾವಳಿಯುದ್ದಕ್ಕೂ ಗೋವೆಯವರೆಗೆ ಹಳೆಯ ದೇವಸ್ಥಾನಗಳಲ್ಲಿ ಅವು ಕಾಣಸಿಗುತ್ತಿದ್ದವು. ಅನೇಕರು ಅದನ್ನು ಗೋಡೆಗೆ ಬಳಿದ ಕೆಂಪು ಚಿತ್ರವೆಂದು ತಿಳಿದಿದ್ದಾರೆ, ಅದು ಸರಿಯಲ್ಲ. ಚಿಪ್ಪಿ ಸುಟ್ಟ ಸುಣ್ಣವನ್ನು ನುಣುಪು ಮರಳು ಮತ್ತು ಬೆಲ್ಲದ ನೀರಿನೊಂದಿಗೆ ಕೊಳೆಸಿ, ಕುಟ್ಟಿ, ಗೋಡೆಗೆ ಗಾರೆ ಮಾಡುತ್ತಾರೆ. ಹಸಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಕಬ್ಬಿಣದ ಮೊನೆಯಿಂದ ಬೇಡದ ಕಡೆ ಕೆಂಪನ್ನು ಹೆರೆದು ತೆಗೆದರೆ ಒಳಗಿನ ಬಿಳಿ ಕಾಣುತ್ತದೆ. ಬಳಿಕ ನುಣುಪಾದ ಕಲ್ಲಿನಿಂದ ತಿಕ್ಕುತ್ತಾರೆ. ಸುಣ್ಣ ಗಟ್ಟಿಯಾಗುವುದರೊಳಗೆ ಮುಗಿಸಬೇಕು, ತಪ್ಪಿದ ಗೆರೆಯನ್ನು ತಿದ್ದಲು ಬರುವುದಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಹಲವು ಗೋಡೆಗಳನ್ನು ಕೆಡವಿ ಸಿಮೆಂಟು, ಗ್ರಾನೈಟು ಹಾಕಿದ್ದಾರೆ. ಇಂಥ ಯಾವುದಾದರೂ ಗೋಡೆಯ ನಕಲನ್ನು ಮಾಸ್ತರರು ಬರೆದಿಟ್ಟುಕೊಂಡಿದ್ದರೆ ಅದು ಬಹಳ ಬೆಲೆಯುಳ್ಳದ್ದು.


ಮೂಲ ಬರಹಗಾರರ ಉತ್ತರ

ಕಾವಿ ಕೆಲಸವನ್ನು ಅವರು ಸ್ವತಃ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಕೆಡವಲಿದ್ದ ಒಂದು ಮಠದ ಗೋಡೆಯ ಮುಂದೆ ಎರಡು ದಿನ ಕುಳಿತು ವಹಿಯೊಂದರಲ್ಲಿ ಬಳ್ಳಿ, ಹಂಸ, ಗಂಡಭೇರುಂಡಗಳನ್ನು ಪೆನ್ಸಿಲಿನಲ್ಲಿ ತೆಗೆದುಕೊಂಡದ್ದು ನೆನಪಿದೆ. ಅದೇ ಬಳ್ಳಿ ಮುಂದೆ ನಾಟಕದ ಅರಮನೆ ಸೀನಿನ (ಪರದೆಯ) ಕಂಬಗಳ ಮೇಲೆ ಬಂತು. ಆ ವಹಿ ಈಗ ಇಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಗಂಗಾವಳಿ ಉಕ್ಕಿದಾಗ ಅವರ ಮನೆಯಲ್ಲಿ ಎದೆಮಟ್ಟದ ನೀರು ನಿಂತಿತ್ತು, ಟ್ರಂಕು ಮೂರು ದಿನ ಕೆಸರಿನಲ್ಲಿತ್ತು.

ಹೆದ್ದಾರಿ ಅಗಲವಾದಾಗ ರಸ್ತೆ ಬದಿಯ ಹಳೆಯ ಅಂಗಡಿಗಳೊಂದಿಗೆ ಅವರು ಬರೆದ ಫಲಕಗಳೂ ಹೋದವು. ಅದಕ್ಕೂ ಮೊದಲೇ ಫ್ಲೆಕ್ಸ್ ಬಂದು ಅವರ ಬೇಸಿಗೆಯ ದುಡಿಮೆಯನ್ನು ಕಸಿದಿತ್ತು. ಹಾಗಾಗಿ ಉಳಿದಿರುವುದು ಎಷ್ಟು ಎಂಬುದೇ ಒಂದು ಪ್ರಶ್ನೆ.

ಹೊನ್ನಾವರದ ಅಕ್ಕೋರು ಹೇಳಿದ ಮಾತು, ಉಳಿಯದ ವಸ್ತುವಿನ ಶ್ರದ್ಧೆಯ ಮಾತು, ನನಗೆ ಹಿಡಿಸಿತು. ಆದರೆ ಅದನ್ನು ಪೂರ್ತಿ ಒಪ್ಪಲು ಒಂದು ಅಡ್ಡಿಯಿದೆ. ದೋಣಿಯ ಬಣ್ಣ ಮತ್ತು ಅಂಗಡಿಯ ಫಲಕಗಳನ್ನು ಅವರು ಉಳಿಯಲೆಂದೇ ಮಾಡುತ್ತಿದ್ದರು. ಉಪ್ಪುನೀರಿಗೆ ಎಷ್ಟು ವರ್ಷ ತಡೆಯುತ್ತದೆಂದು ಹೇಳಿ ಕೊಡುತ್ತಿದ್ದರು.


ಪ್ರತಿಕ್ರಿಯೆ 4 (ಕಾರವಾರ)

ನಮ್ಮದು ನೌಕಾನೆಲೆಗಾಗಿ ಬಿಟ್ಟುಕೊಟ್ಟ ಹಳ್ಳಿ. 1986ರಲ್ಲಿ ಶಂಕುಸ್ಥಾಪನೆ ಆದಾಗ ನಾನು ಶಾಲೆಯಲ್ಲಿದ್ದೆ, ಊರು ಖಾಲಿಯಾಗುವ ಹೊತ್ತಿಗೆ ನನಗೆ ಮದುವೆಯಾಗಿತ್ತು. ಪುನರ್ವಸತಿ ಕಾಲೊನಿಯಲ್ಲಿ ದೇವಸ್ಥಾನ ಕಟ್ಟಿದ ಮೇಲೆ, ಅದರ ಪಕ್ಕದ ಸಭಾಭವನದ ಗೋಡೆಯ ಮೇಲೆ ಹಳೆಯ ಊರಿನ ಚಿತ್ರ ಬರೆಸಬೇಕೆಂದು ಹಿರಿಯರು ನಿರ್ಧರಿಸಿ ಬಣ್ಣದ ಮಾಸ್ತರರನ್ನು ಕರೆತಂದರು.

ಅವರು ಬಂದವರು ಮೊದಲ ದಿನ ಕುಂಚ ಮುಟ್ಟಲಿಲ್ಲ. ಕಾಲೊನಿಯ ಮುದುಕಿಯರನ್ನು ಕೂರಿಸಿಕೊಂಡು, ಬಾವಿಯಿಂದ ನಿಂತರೆ ಗುಡ್ಡ ಯಾವ ಕೈಗೆ, ಕಡಲಿಗೆ ಇಳಿಯುವ ಓಣಿಯಲ್ಲಿ ಎಷ್ಟು ತೆಂಗಿನ ಮರ, ಬಲೆ ಒಣಗಿಸುವ ಜಾಗ ಯಾರ ಹಿತ್ತಿಲಿಗೆ ಹತ್ತಿರ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಮುದುಕಿಯರಲ್ಲಿ ಓಣಿಯ ತಿರುವಿನ ಬಗ್ಗೆ ಜಗಳವೇ ಆಯಿತು. ನಾವು ಕೊಂಕಣಿಯಲ್ಲಿ ಆಡಿದ ಮಾತನ್ನೆಲ್ಲ ಅವರು ಅರಿತು, ಕೊಂಕಣಿಯಲ್ಲಿಯೇ ಮರುಪ್ರಶ್ನೆ ಹಾಕುತ್ತಿದ್ದರು. ಹದಿನೈದು ದಿನಕ್ಕೆ ಗೋಡೆ ಮುಗಿಯಿತು. ಅಲ್ಲಿ ಜನರ ಚಿತ್ರವಿಲ್ಲ, ಮನೆಗಳು, ದಾರಿ, ಮರ, ದೋಣಿಗಳು ಮಾತ್ರ. ಯಾಕೆಂದು ನನ್ನ ಅಪ್ಪ ಕೇಳಿದಾಗ, ಯಾರನ್ನು ಬಿಟ್ಟರೂ ಬೇಸರವಾಗುತ್ತದೆ ಎಂದರಂತೆ.

ಆ ಗೋಡೆ ಇಂದಿಗೂ ಇದೆ. ಕೆಳಭಾಗದಲ್ಲಿ ತೇವ ಏರಿ ಬಣ್ಣ ಹೊಪ್ಪಳಿಕೆ ಏಳುತ್ತಿದೆ. ಊರಿನಲ್ಲಿ ಹುಟ್ಟದ ನನ್ನ ಮಕ್ಕಳು ತಮ್ಮ ಮನೆಯನ್ನು ಅಲ್ಲಿ ಬೆರಳಿಟ್ಟು ತೋರಿಸುತ್ತಾರೆ. ಕುಮಟೆಯ ಅಣ್ಣನವರು ಕೇಳಿದ ಎತ್ತರದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಕೇಳುವ ತಾಳ್ಮೆ, ನಾಟಕದ ಸೀನು ಬರೆದ ಕೈ, ನಮ್ಮ ಭಾಷೆ, ಇವು ಮೂರೂ ಒಬ್ಬರಲ್ಲಿಯೇ ಇಲ್ಲದಿದ್ದರೆ ಆ ಗೋಡೆ ಆಗುತ್ತಿರಲಿಲ್ಲ.


ಪ್ರತಿಕ್ರಿಯೆ 5 (ಮುಂಬೈ, ಮಾಸ್ತರರ ಮಗಳು)

ಎಲ್ಲರಿಗೂ ನಮಸ್ಕಾರ. ಅಪ್ಪನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದುದನ್ನು ಓದಿ ನಾನು ಮತ್ತು ನನ್ನ ತಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಗುರುಗಳು ಅರ್ಜಿಯ ವಿಷಯದಲ್ಲಿ ಕೊರಗಬಾರದು. ಅಪ್ಪನಿಗೆ ಅವರ ಮೇಲೆ ಯಾವ ಬೇಸರವೂ ಇರಲಿಲ್ಲ.

ಆದರೆ ಮೂಲ ಬರಹದಲ್ಲಿರುವ ಒಂದು ತಪ್ಪನ್ನು ತಿದ್ದದೆ ಇರಲಾರೆ. ಗಣಪತಿ, ಪರದೆ, ಮಂಟಪ ಎಲ್ಲವನ್ನೂ ಅಪ್ಪನೊಬ್ಬನೇ ಮಾಡಿದಂತೆ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಮಣ್ಣು ಹದ ಮಾಡುತ್ತಿದ್ದವಳು ಆಯಿ, ಅಂದರೆ ನಮ್ಮ ಅಮ್ಮ. ಯಾವ ಕೆರೆಯ ಮಣ್ಣು ಒಣಗುವಾಗ ಬಿರುಕು ಬಿಡುತ್ತದೆ, ಯಾವುದಕ್ಕೆ ಎಷ್ಟು ಹತ್ತಿ ಬೆರೆಸಬೇಕು ಎಂಬುದು ಅವಳಿಗೆ ಗೊತ್ತಿತ್ತು, ಅಪ್ಪ ಅವಳನ್ನು ಕೇಳಿಯೇ ಮಣ್ಣಿಗೆ ಕೈ ಹಾಕುತ್ತಿದ್ದ. ಸೊಂಡಿಲು, ಮುಖ, ಕೈಗಳು ಅಪ್ಪನವು. ಪೀತಾಂಬರದ ನೆರಿಗೆ, ಹಾರ, ಕಾಲುಂಗುರ ಆಯಿಯವು. ಕಣ್ಣು ಬರೆಯುವ ದಿನ ಅಪ್ಪ ಬೆಳಿಗ್ಗೆಯಿಂದ ಊಟ ಮಾಡುತ್ತಿರಲಿಲ್ಲ, ಆ ದಿನ ಜಗಲಿಗೆ ನಮಗೆ ಪ್ರವೇಶವಿರಲಿಲ್ಲ.

ಪರದೆಯ ವಿಷಯವನ್ನು ಇನ್ನೂ ಸ್ಪಷ್ಟವಾಗಿ ಹೇಳಬೇಕು. ಮಾಂಜರಪಾಟು ಎಂಬ ಒರಟು ಹತ್ತಿ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದು, ಹುಣಸೆ ಬೀಜವನ್ನು ಹುರಿದು ಸಿಪ್ಪೆ ತೆಗೆದು, ಬೀಸಿ, ಅಂಟಾಗಿ ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಸೇರಿಸಿ ಬಟ್ಟೆಗೆ ಎಳೆಯುವುದು ಆಯಿಯ ಕೆಲಸವಾಗಿತ್ತು. ಬಣ್ಣದ ಪುಡಿಗೂ ಅದೇ ಅಂಟು. ಪ್ರವಾಹದಲ್ಲಿ ಅರಮನೆ ಸೀನು ತೊಳೆದುಹೋದದ್ದು ಈ ಅಂಟಿನಿಂದಲೇ. ಅದು ನೀರಿಗೆ ಕರಗುತ್ತದೆ. ಎಣ್ಣೆ ಬಣ್ಣದಲ್ಲಿ ಬರೆದ ಎರಡು ಫಲಕಗಳು ಅದೇ ಕೆಸರಿನಿಂದ ತೊಳೆದು ತೆಗೆದಾಗ ಹಾಗೆಯೇ ಇದ್ದವು. ಕಾಡಿನ ಸೀನು ಅಟ್ಟದ ಮೇಲಿದ್ದದ್ದರಿಂದ ಉಳಿದಿದೆ. ಅದನ್ನು ನೀವು ಯಾರೂ ಇಪ್ಪತ್ತು ವರ್ಷದಿಂದ ನೋಡಿಲ್ಲ. ಅದರ ಬಲಮೂಲೆಯ ಕೇದಗೆ ಪೊದೆ ಮತ್ತು ನೀರಿನ ಅಂಚನ್ನು ಬರೆದದ್ದು ಆಯಿ. ಅಪ್ಪ ಆ ವಾರ ಜ್ವರದಲ್ಲಿದ್ದ, ಜಾತ್ರೆ ಎರಡು ದಿನ ದೂರವಿತ್ತು. ಆಟಕ್ಕೆ ಬಂದವರು ಅದನ್ನೇ ಹೊಗಳಿದಾಗ ಅಪ್ಪ ಸುಮ್ಮನಿದ್ದ. ಮನೆಗೆ ಬಂದು ಆಯಿಗೆ ಹೇಳಿದ. ಹೊರಗೆ ಯಾಕೆ ಹೇಳಲಿಲ್ಲವೆಂದು ನಾನು ದೊಡ್ಡವಳಾದ ಮೇಲೆ ಕೇಳಿದೆ. ಆಗ ಅವನು ತಲೆ ತಗ್ಗಿಸಿದ್ದನ್ನು ಮರೆತಿಲ್ಲ.

ಶಿರಸಿಯವರು ಬಾಸಿಂಗದ ಬಗ್ಗೆ ಬರೆದ ಎರಡು ಸಾಲುಗಳನ್ನು ಓದಿದ ಮೇಲೆಯೇ ನನಗೆ ಇದನ್ನು ಬರೆಯುವ ಧೈರ್ಯ ಬಂತು.


ಪ್ರತಿಕ್ರಿಯೆ 6 (ಕುಮಟಾ)

ತಂಗಿಯವರ ಬರಹ ಓದಿದ ಮೇಲೆ ನಾನು ಮೊದಲು ಕೇಳಿದ ಪ್ರಶ್ನೆಯೇ ಬದಲಾಗಿದೆ. ಒಬ್ಬ ಮನುಷ್ಯ ಇಷ್ಟು ಕೆಲಸಗಳಲ್ಲಿ ಹೇಗೆ ಪಳಗಿದನೆಂದು ನಾವು ಬೆರಗಾಗುತ್ತಿದ್ದೆವು. ಮನೆಯೊಂದು ಪಳಗಿತ್ತು ಎಂದರೆ ಲೆಕ್ಕ ಸರಿಯಾಗುತ್ತದೆ. ಹತ್ತು ವರ್ಷ ನಮ್ಮ ಮನೆಗೆ ಬಂದ ಗಣಪತಿಯ ಪೀತಾಂಬರದ ನೆರಿಗೆಗಳನ್ನು ನನ್ನ ತಾಯಿ ಪ್ರತಿ ಸಲ ಮುಟ್ಟಿ ನೋಡುತ್ತಿದ್ದರು. ಇದನ್ನು ನಿಮ್ಮ ಆಯಿಯವರಿಗೆ ದಯವಿಟ್ಟು ತಿಳಿಸಿ.

ಉಳಿದಿರುವ ಪರದೆಯ ಬಗ್ಗೆ ಒಂದು ಎಚ್ಚರಿಕೆ. ಮಡಚಿಟ್ಟ ಹಳೆಯ ಬಟ್ಟೆಯನ್ನು ಒಮ್ಮೆಲೇ ಎಳೆದು ಬಿಡಿಸಿದರೆ ಮಡಿಕೆಯ ಉದ್ದಕ್ಕೂ ಬಣ್ಣ ಉದುರುತ್ತದೆ. ಬಿಸಿಲಿಗೆ ಹಾಕಬಾರದು, ಒದ್ದೆ ಬಟ್ಟೆಯಿಂದ ಒರೆಸಲೇಬಾರದು. ನೆರಳಿನಲ್ಲಿ ಸ್ವಚ್ಛ ಚಾಪೆಯ ಮೇಲೆ ನಿಧಾನವಾಗಿ ಬಿಡಿಸಿ, ಅಳತೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆದು, ಮತ್ತೆ ಮಡಚದೆ ದಪ್ಪ ಕೊಳವೆಗೆ ಹತ್ತಿ ಬಟ್ಟೆಯೊಂದಿಗೆ ಸುತ್ತಿಡಬೇಕು. ಕಾರವಾರದ ಗೋಡೆಯ ಛಾಯಾಚಿತ್ರವನ್ನೂ ಈ ಮಳೆಗೆ ಮೊದಲೇ ತೆಗೆದಿಡಬೇಕು.


ಮೂಲ ಬರಹಗಾರರ ಉತ್ತರ

ಮಗಳೇ, ನಿನ್ನ ತಿದ್ದುಪಡಿಯನ್ನು ತಲೆಬಾಗಿ ಒಪ್ಪುತ್ತೇನೆ. ನಿಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತ ಅದೆಷ್ಟು ಸಂಜೆ ಕಳೆದಿದ್ದೇನೆ. ಅಂಟು ಕುದಿಯುವ ವಾಸನೆ ಒಳಗಿನಿಂದ ಬರುತ್ತಿತ್ತು. ಅದು ಯಾರ ಕೆಲಸವೆಂದು ನಾನು ಒಮ್ಮೆಯೂ ಕೇಳಲಿಲ್ಲ.

ನಿನ್ನೆ ಹೋಗಿ ಆಯಿಯವರನ್ನು ಕಂಡು ಬಂದೆ. ಮುಖಪುಟದ ಒಂದು ಸಾಲಿನ ಯೋಜನೆಯನ್ನು ಯುವಕರು ಕೈಬಿಟ್ಟಿದ್ದಾರೆ. ಮೊದಲ ಪುಟದಲ್ಲಿ ಇಬ್ಬರ ಭಾವಚಿತ್ರ, ಇಬ್ಬರ ಹೆಸರು ಮಾತ್ರ ಇರುತ್ತದೆ, ಅದಕ್ಕೆ ಅವರ ಒಪ್ಪಿಗೆ ಸಿಕ್ಕಿತು. ಮುಂದಿನ ಪುಟಗಳು ಚೈತ್ರದಿಂದ ಫಾಲ್ಗುಣದವರೆಗೆ ತಿಂಗಳ ಲೆಕ್ಕದಲ್ಲಿ ಸಾಗುತ್ತವೆ, ಆಯಾ ತಿಂಗಳಲ್ಲಿ ಆ ಮನೆಯಲ್ಲಿ ಏನು ನಡೆಯುತ್ತಿತ್ತು, ಯಾವ ಕೆಲಸ ಯಾರ ಕೈಯದು ಎಂಬುದು ಅಲ್ಲಿ ಬರುತ್ತದೆ. ಮಣ್ಣಿನ ಹದ ಮತ್ತು ಅಂಟಿನ ವಿಧಾನವನ್ನು ಆಯಿಯವರೇ ಹೇಳಿ ಬರೆಸಲಿದ್ದಾರೆ. ಹುಣಸೆ ಬೀಜವನ್ನು ಎಷ್ಟು ಹುರಿಯಬೇಕೆಂದು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಬೀಜ ತನ್ನಿ, ಹುರಿದು ತೋರಿಸುತ್ತೇನೆ ಎಂದರು.

ಪರದೆಯನ್ನು ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಶಾಲೆಯ ಸಭಾಂಗಣದಲ್ಲಿ ಬಿಡಿಸುತ್ತೇವೆ. ಉದ್ದ ಹದಿನೆಂಟು ಅಡಿ ಇರಬಹುದೆಂದು ಆಯಿಯವರ ಅಂದಾಜು. ನಾಲ್ಕು ಹೊಸ ಚಾಪೆಗಳು ಸಿಕ್ಕಿವೆ. ಸುತ್ತಿಡಲು ಅಷ್ಟುದ್ದದ, ನೆಟ್ಟಗಿನ ಕೊಳವೆ ಯಾರ ಬಳಿಯಾದರೂ ಇದ್ದರೆ ತಿಳಿಸಬೇಕು.


ಪ್ರತಿಕ್ರಿಯೆ 7 (ಕಾರವಾರ)

ನಮ್ಮ ಕಾಲೊನಿಯಲ್ಲಿ ನೀರಿನ ಕೆಲಸಕ್ಕೆ ತರಿಸಿದ್ದ ಆರು ಅಂಗುಲದ ಪಿವಿಸಿ ಪೈಪು ಇಪ್ಪತ್ತು ಅಡಿಯದು ಒಂದು ಉಳಿದಿದೆ, ಶನಿವಾರ ಸಂಜೆ ಟೆಂಪೋದಲ್ಲಿ ಕಳುಹಿಸುತ್ತೇನೆ. ಗೋಡೆಯ ಛಾಯಾಚಿತ್ರ ತೆಗೆಯಲು ಬರುವವರು ಮಧ್ಯಾಹ್ನ ಮೂರರ ಮೊದಲು ಬರಬೇಕು, ಆಮೇಲೆ ಪಡುವಣ ಕಿಟಕಿಯ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ.